ಅತ್ತಿಗೆಯ ಹಕಾರ

ಅಣ್ಣನ ಮದುವೆಯಾಗಿ ಅತ್ತಿಗೆ ನಮ್ಮ ಮನೆಗೆ ಬಂದ ಹೊಸತು. ನಾನು ಹಜಾರದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದೆ. ಹೊಸಬರ ಎದುರು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿರುವುದಿಲ್ಲ ಎಂದು, "ಅತ್ತಿಗೆ, ಒಂದು ವಿಷಯ," ಎಂದೆ. ಅವರು ಬಟ್ಟೆ ಮಡಚುತ್ತಾ ನನ್ನ ಮುಖ ನೋಡಿ, ಬಹಳ ಪ್ರೀತಿಯಿಂದಲೇ, "ಏಳು," ಅಂದರು. ನಾನು ಎದ್ದು ನಿಂತೆ. ನಿಂತದ್ದು ನೋಡಿ, ವಿಷಯ ಭಾರಿಯದೇ ಇರಬೇಕು ಅಂದುಕೊಂಡರೋ ಏನೋ, ಬಟ್ಟೆ ಕೆಳಗಿಟ್ಟು, "ಪರವಾಗಿಲ್ಲ, ಏಳು," ಅಂದರು. ಆಗಲೇ ಎದ್ದವನು ಇನ್ನೆಷ್ಟು ಏಳಲಿ. ಕುರ್ಚಿ ಬೇಕಿರಬಹುದು ಎಂದು ಅದನ್ನು ಅವರ ಕಡೆ ತಳ್ಳಿದೆ. "ನನ್ನತ್ರ ಎಂಥ ಸಂಕೋಚ, ಏಳಪ್ಪ," ಅಂದರು. ನಾನು ಮನೆಯಿಂದಲೇ ಎದ್ದು ಹೊರಗೆ ಹೋದೆ.

ಆಮೇಲೆ ಬಹಳ ದಿನ ಅವರ ಎದುರಿಗೆ ನಾನು ಕೂರಲೇ ಇಲ್ಲ. ತಟ್ಟೆ ಹಿಡಿದುಕೊಂಡು ಕಿಟಕಿಯ ಪಕ್ಕ ನಿಂತೇ ಉಣ್ಣುತ್ತಿದ್ದೆ. ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. "ನೋಡಿ, ಅತ್ತಿಗೆ ಬಂದಮೇಲೆ ಎಷ್ಟು ಮರ್ಯಾದೆ ಕಲಿತುಬಿಟ್ಟ," ಎಂದು ಪಕ್ಕದ ಮನೆಯವರೆದುರು ಹೇಳಿಕೊಂಡಳು. ಅತ್ತಿಗೆ ಮಾತ್ರ ಅಣ್ಣನನ್ನು ಗುಟ್ಟಾಗಿ ಕೇಳಿದರಂತೆ: "ರೀ, ನಿಮ್ಮ ತಮ್ಮನಿಗೆ ಕೂತ್ಕೊಳ್ಳೋಕೆ ಏನಾದ್ರೂ ತೊಂದ್ರೆ ಇದ್ಯಾ? ನಾಚಿಕೆ ಪಡದೆ ಡಾಕ್ಟ್ರಿಗೆ ತೋರಿಸ್ಬಾರ್ದಾ?"

ಅಣ್ಣ ನನ್ನನ್ನು ಮೂಲೆಗೆ ಕರೆದು ವಿಚಾರಿಸಿದ. ಕಾರಣ ಕೇಳಿ ಅವನು ನಕ್ಕ ನಗುವಿಗೆ ಅಮ್ಮ ಅಡುಗೆಮನೆಯಿಂದ ಓಡಿಬಂದಳು. ವಿಷಯ ಇಷ್ಟೇ. ಅತ್ತಿಗೆಯ ತವರಿನಲ್ಲಿ ಹಕಾರಕ್ಕೆ ಯಾರೂ ಬಾಗಿಲು ತೆಗೆಯುವುದಿಲ್ಲ. ಅಲ್ಲಿ ಹಾಲು ಆಲು, ಹಣ್ಣು ಅಣ್ಣು, ಹುಡುಗ ಉಡುಗ. ಅವರು ನನಗೆ ಅಂದದ್ದು ಏಳು ಅಲ್ಲ, ಹೇಳು. ಪಾಪ, ಆ ಹೆಂಗಸು ಅಷ್ಟು ದಿನದಿಂದ ನನ್ನ ಒಂದು ವಿಷಯ ಏನೆಂದು ಕೇಳಲು ಕಾಯುತ್ತಿತ್ತು. ಅಷ್ಟರಲ್ಲಿ ನನಗೇ ಅದು ಮರೆತುಹೋಗಿತ್ತು.

ತಮಾಷೆಯೆಂದರೆ ನನ್ನ ಹೊಟ್ಟೆಪಾಡೇ ಕಿವಿಯದು. ಲಿಫ್ಟ್ ಕಂಪನಿಯೊಂದರಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುತ್ತೇನೆ. ಎರಡು ಮಹಡಿಯ ನಡುವೆ ಸಿಕ್ಕಿಕೊಂಡವರು ಒಳಗಿನಿಂದ ಬೈಯುತ್ತಾರೆ. "ಗಾಬರಿಯಾಗಬೇಡಿ, ನಮ್ಮವರು ದಾರಿಯಲ್ಲಿದ್ದಾರೆ," ಎನ್ನುವುದಕ್ಕೆ ನನಗೆ ಸಂಬಳ. ಹಾಗೆನ್ನುವ ಹೊತ್ತಿಗೆ ನಮ್ಮವರು ಸಾಮಾನ್ಯವಾಗಿ ಟೀ ಕುಡಿಯುತ್ತಿರುತ್ತಾರೆ. ದಿನವಿಡೀ ಪರರ ಮಾತು ಕೇಳಿಸಿಕೊಳ್ಳುವ ಇಂಥ ನನಗೆ ಮನೆಯವರ ಒಂದು ಮಾತು ತಿಳಿಯಲಿಲ್ಲ. ಹಕಾರವೇ ಇಲ್ಲದ ಅತ್ತಿಗೆ ಇವತ್ತು ಎರಡನೇ ತರಗತಿಯ ಮಕ್ಕಳಿಗೆ ಭಾಷೆ ಕಲಿಸುತ್ತಾರೆ. ಅದು ಹೇಗಾಯಿತು ಎನ್ನುವುದೇ ಈ ಕಥೆ.

ಆಗ ಅವರು ಕನ್ನಡಕದ ಅಂಗಡಿಯಲ್ಲಿದ್ದರು. ಕಣ್ಣು ಪರೀಕ್ಷೆ ಮಾಡುವವರು ಬೇರೆ. ಗೋಡೆಯ ಅಕ್ಷರದ ಚಾರ್ಟಿನ ಪಕ್ಕ ನಿಂತು ಒಂದೊಂದೇ ಅಕ್ಷರಕ್ಕೆ ಕೋಲು ತೋರಿಸುವುದು, ಸಿದ್ಧವಾದ ಕನ್ನಡಕವನ್ನು ಒರೆಸಿ ಗಿರಾಕಿಯ ಮೂಗಿನ ಮೇಲೆ ಕೂರಿಸುವುದು, ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ಕೇಳುವುದು ಅತ್ತಿಗೆಯ ಪಾಲು. ಒಂದು ದಿನ ಒಬ್ಬ ತಾಯಿ ಮಗಳನ್ನು ಕರೆತಂದಳು. ಶಾಲೆಯಲ್ಲಿ ಬೋರ್ಡು ನೋಡಿ ಓದುವುದಿಲ್ಲ ಎಂದು ದೂರು. ಮಗು ಚಾರ್ಟಿನ ಅತಿ ದೊಡ್ಡ ಅಕ್ಷರವನ್ನೂ ಓದಲಿಲ್ಲ. ಅತ್ತಿಗೆ ಕೋಲು ಕೆಳಗಿಟ್ಟು, ಎದುರು ಗೋಡೆಯ ಮೂಲೆಯಲ್ಲಿ ಹರಿಯುತ್ತಿದ್ದ ಇರುವೆ ತೋರಿಸಿ, "ಅದು ಕಾಣುತ್ತಾ?" ಎಂದರು. "ಕಾಣುತ್ತೆ. ಬಾಯಲ್ಲಿ ಸಕ್ಕರೆ ಇಟ್ಕೊಂಡಿದೆ," ಅಂದಿತು ಮಗು.

"ಕಣ್ಣು ಚೆನ್ನಾಗಿದೆ ನೋಡಿ," ಅಂದರು ಅತ್ತಿಗೆ ತಾಯಿಗೆ. "ಅಕ್ಷರ ಬರಲ್ಲ, ಅಷ್ಟೇ."

"ಅದಕ್ಕೂ ಒಂದು ಕನ್ನಡಕ ಕೊಡಿ," ಅಂದಳು ತಾಯಿ.

ಅಂಗಡಿಯ ಯಜಮಾನರು ಕೊಟ್ಟೂ ಬಿಟ್ಟರು, ಬರೀ ಗಾಜಿನದು, ಕೆಂಪು ಚೌಕಟ್ಟು. ಅತ್ತಿಗೆ ಅದನ್ನು ಒರೆಸಿ ಆ ಮಗುವಿನ ಮೂಗಿನ ಮೇಲೆ ಕೂರಿಸಬೇಕಾಯಿತು. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮುಂಚೆಯೇ ಅಂದರು: "ನಾನು ಟೀಚರ್ ಟ್ರೈನಿಂಗ್‌ಗೆ ಸೇರ್ತೀನಿ. ಚಿಕ್ಕ ಮಕ್ಕಳಿಗೆ ಅಕ್ಷರ ಏಳಿಕೊಡ್ತೀನಿ."

"ಅಂದ್ರೆ ಕನ್ನಡಕ ಬಿಟ್ಟು ಕನ್ನಡಕ್ಕೆ," ಅಂದ ಅಣ್ಣ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಥದೊಂದು ಮಾತು ಹೊಳೆದರೆ ವಾರವಿಡೀ ಅದನ್ನೇ ಓಡಿಸುತ್ತಾನೆ. ಯಜಮಾನರು ಮಾತ್ರ ಬಹಳ ಸಮಾಧಾನದಿಂದ ಕಳಿಸಿಕೊಟ್ಟರಂತೆ. "ಹೋಗಿ ಬಾಮ್ಮ. ನಿನ್ನ ಸ್ಟೂಲಿಗೆ ಬೇರೆಯವರನ್ನ ಕೂರಿಸಲ್ಲ. ವಾಪಸ್ ಬರ್ತೀಯಲ್ಲ." ಆ ಕೊನೆಯ ಮಾತು ಅತ್ತಿಗೆಗೆ ಮುಳ್ಳಿನ ಹಾಗೆ ಚುಚ್ಚಿತು.

ತರಬೇತಿ ಸಂಸ್ಥೆಯಲ್ಲಿ ಭಾಷಾ ಬೋಧನೆ ಕಲಿಸುವ ಮೇಷ್ಟ್ರು ಪ್ರತಿ ಮಾತಿನ ಕೊನೆಗೂ ಒಂದು ನಿಟ್ಟುಸಿರು ಬಿಡುತ್ತಿದ್ದರು. ಅಕ್ಷರಮಾಲೆಯ 'ಅಃ' ಹೇಗೋ ಹಾಗೆ. ಅದಕ್ಕೇ ಅವರಿಗೆ ವಿಸರ್ಗ ಮೇಷ್ಟ್ರು ಎಂದು ಹೆಸರು. ಅವರ ತರಗತಿಯಲ್ಲಿ ಮೊದಲ ಮೆಟ್ಟಿಲೆಂದರೆ ಸೂಕ್ಷ್ಮ ಬೋಧನೆ. ಒಬ್ಬರು ನಿಂತು ಪುಟ್ಟ ಪಾಠ ಮಾಡಬೇಕು, ಸಹಪಾಠಿಗಳೆಲ್ಲ ಮಕ್ಕಳಂತೆ ನಟಿಸಬೇಕು. ಮೀಸೆ ಹೊತ್ತವರು, ಮನೆಯಲ್ಲಿ ಸ್ವಂತ ಮಕ್ಕಳಿದ್ದವರು ಬೆಂಚಿನ ಮೇಲೆ ಕೂತು, "ಮಿಸ್, ಇವನು ನನ್ನ ಪೆನ್ಸಿಲ್ ಕದ್ದ," ಎಂದು ಮುಖ ಸೊಟ್ಟ ಮಾಡುತ್ತಿದ್ದರು. ಅತ್ತಿಗೆ ಮೊದಲ ದಿನ, "ಇದು ಏನು ಏಳಿ ಮಕ್ಕಳೇ," ಅಂದದ್ದೇ ತಡ, ಮೀಸೆಯ ಮಕ್ಕಳೆಲ್ಲ ದಡದಡ ಎದ್ದು ನಿಂತರು. ಬೇಕೆಂದೇ ಎದ್ದದ್ದು. ನಿಜವಾದ ಮಕ್ಕಳಾಗಿದ್ದರೂ ಎದ್ದೇ ಏಳುತ್ತಿದ್ದರು ಎನ್ನುವುದೇ ಕಷ್ಟ. ಏಕೆಂದರೆ ಭಾಷೆಯ ಟೀಚರಿನ ಬಾಯಲ್ಲಿ ಒಂದು ಪಾಠಕ್ಕೆ ಎಷ್ಟು ಸಲ 'ಹೇಳಿ' ಬರುತ್ತದೆ ಎಂದು ಯಾರಾದರೂ ಯೋಚಿಸಿದ್ದಾರೆಯೇ. ಆ ಒಂದು ಮಾತು ಇಲ್ಲದಿದ್ದರೆ ಭಾಷೆಯ ಪಾಠವೇ ನಡೆಯುವುದಿಲ್ಲ.

ವಿಸರ್ಗ ಮೇಷ್ಟ್ರು ಅತ್ತಿಗೆಯನ್ನು ಪಕ್ಕಕ್ಕೆ ಕರೆದರು.

"ನೋಡಿಮ್ಮ, ನೀವು ಭಾಷೆ ಬಿಟ್ಟು ಗಣಿತ ತಗೊಳ್ಳಿ. ನಿಮ್ಮ ಒಳ್ಳೇದಕ್ಕೇ ಅಂತಿರೋದು. ಅಃ."

"ಲೆಕ್ಕದಲ್ಲೂ ಅತ್ತು ಬರುತ್ತಲ್ಲ ಸರ್."

"ಛೆ ಛೆ, ಅಳುವಂಥದ್ದು ಏನಿದೆ ಅದರಲ್ಲಿ. ನಿಧಾನಕ್ಕೆ ಕಲೀಬಹುದು. ಅಃ."

"ಅಳೋದಲ್ಲ ಸರ್. ಅತ್ತು, ಇಪ್ಪತ್ತು, ಮೂವತ್ತು."

ಆ ಒಂದು ಮಾತಿಗೆ ಮೇಷ್ಟ್ರು ಒಟ್ಟಿಗೇ ಎರಡು ನಿಟ್ಟುಸಿರು ಬಿಟ್ಟರಂತೆ.

ಆಮೇಲೆ ನಮ್ಮ ಹಜಾರವೇ ಶಾಲೆಯಾಯಿತು. ಬೀರುವಿನ ಬಾಗಿಲು ಬೋರ್ಡು. ಡಿಪೋದಿಂದ ಬಂದ ಅಣ್ಣ ಗ್ರೀಸ್ ಮೆತ್ತಿದ ಕೈಯನ್ನೇ ಎತ್ತಿ "ಮಿಸ್, ಮಿಸ್" ಎನ್ನುತ್ತಿದ್ದ. ಅಮ್ಮ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಮಿಸ್, ಕುಕ್ಕರ್ ಕೂಗ್ತಾ ಇದೆ, ಹೋಗಿ ಬರ್ಲಾ?" ಎಂದು ಕೇಳಿಯೇ ಏಳುತ್ತಿದ್ದಳು. ನನಗೆ ದಡ್ಡ ವಿದ್ಯಾರ್ಥಿಯ ಪಾತ್ರ. ಇದಕ್ಕೆ ನಟನೆ ಬೇಕಿಲ್ಲ ಎಂದು ಅಮ್ಮನ ಅಭಿಪ್ರಾಯ.

ಮದ್ದು ಹುಡುಕುವ ಉಸಾಬರಿಯನ್ನೂ ನಾನೇ ವಹಿಸಿಕೊಂಡೆ. "ಅತ್ತಿಗೆ, ಬೆಟ್ಟ ಹತ್ತಿದವರ ಹಾಗೆ ಏದುಸಿರು ಬಿಡಿ, ಆಮೇಲೆ ಮಾತು ಶುರು ಮಾಡಿ," ಎಂದೆ. ಅವರು ಏದುಸಿರು ಬಿಟ್ಟು ಬಿಟ್ಟು ಕೊನೆಗೆ, "ಅಮ್ಮಾ, ಸುಸ್ತಾಯ್ತು, ಓಗೋ," ಎಂದು ಕೂತರು. ಉಸಿರೆಲ್ಲ ಮುಂದೆ ಹೋಗಿತ್ತು, ಹಕಾರ ಹಿಂದೆಯೇ ಉಳಿದಿತ್ತು. ಆಗ ನನ್ನ ತಲೆಯಲ್ಲಿ ಇನ್ನೊಂದು ಮಹಾ ಉಪಾಯ ಹುಟ್ಟಿತು. ಹಕಾರವೇ ಇಲ್ಲದ ಪಾಠ. ಫೋನಿನಲ್ಲಿ ಏನು ಅನ್ನಬೇಕು, ಏನು ಅನ್ನಬಾರದು ಎಂದು ನಮಗೆ ಕಂಪನಿಯವರು ಬರೆದುಕೊಟ್ಟಿರುವ ಹಾಗೆ, ಅತ್ತಿಗೆಗೂ ಒಂದು ಪಾಠ ಯೋಜನೆ ಬರೆದುಕೊಟ್ಟೆ. 'ಹೇಳಿ' ಬರುವ ಕಡೆಯೆಲ್ಲ 'ತಿಳಿಸಿ'. 'ಹಾಡಿ'ಗೆ 'ರಾಗವಾಗಿ ಓದಿ'. ಹುಡುಗರಿಗೆ ಗಂಡುಮಕ್ಕಳು, ಹೂವಿಗೆ ಗುಲಾಬಿ. ಹತ್ತು ಬಂದರೆ ಒಂಬತ್ತಕ್ಕೇ ನಿಲ್ಲಿಸುವುದು. ಹಕ್ಕಿಯ ಪದ್ಯ ಬಿಟ್ಟು ಗುಬ್ಬಿಯ ಪದ್ಯ. "ಭಲೇ ಮೈದುನ," ಅಂದರು ಅತ್ತಿಗೆ. ನನಗೆ ನಾನೇ ಪಂಡಿತನಂತೆ ಕಂಡೆ.

ಅಭ್ಯಾಸ ಪಾಠ ನಡೆದದ್ದು ಪಕ್ಕದ ಬೀದಿಯ ಶಾಲೆಯಲ್ಲಿ, ನಿಜವಾದ ಎರಡನೇ ತರಗತಿಯಲ್ಲಿ. ಹೊರಡುವ ಗಡಿಬಿಡಿಯಲ್ಲಿ ಅತ್ತಿಗೆ ಮಿಂಚುಪಟ್ಟಿಗಳನ್ನು, ಎಂದರೆ ಮಕ್ಕಳಿಗೆ ತೋರಿಸುವ ಪದದ ಕಾರ್ಡುಗಳನ್ನು, ಮನೆಯಲ್ಲೇ ಬಿಟ್ಟಿದ್ದರು. ಕೊಡಲು ಹೋದ ನಾನು ಹೊರಗಿನ ಕಿಟಕಿಯ ಪಕ್ಕ ನಿಂತೆ. ವಿಸರ್ಗ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದರು. ಶುರು ಬಹಳ ಚೆನ್ನಾಗಿತ್ತು. "ಗುಬ್ಬಿ ಎಲ್ಲಿ ಗೂಡು ಕಟ್ಟಿದೆ, ತಿಳಿಸಿ," ಎಂದು ಅತ್ತಿಗೆ ಕೇಳಿದರು. ನಾನು ಕಿಟಕಿಯಾಚೆ ತಲೆದೂಗಿದೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು:

"ಮಿಸ್, ತಿಳಿಸಿ ಅಂದ್ರೆ?"

"ತಿಳಿಸಿ ಅಂದ್ರೆ ಏಳಿ," ಅಂದರು ಅತ್ತಿಗೆ.

ಇಡೀ ತರಗತಿ ಎದ್ದು ನಿಂತಿತು.

"ಯಾಕೆ ಎದ್ರಿ? ಕೂತ್ಕೊಳ್ಳಿ." ಕೂತವು. "ಕೂತ್ಕೊಂಡೇ ಏಳಿ." ಮಕ್ಕಳು ಒಂದರ ಮುಖ ಒಂದು ನೋಡಿದವು. ಕೆಲವು ಅರ್ಧ ಎದ್ದವು, ಒಂದೆರಡು ಬೆಂಚು ಹಿಡಿದುಕೊಂಡು ತೂಗಾಡಿದವು. ಅತ್ತಿಗೆಯ ಹಣೆಯಲ್ಲಿ ಬೆವರು. ನಾನು ಬರೆದುಕೊಟ್ಟ ಯೋಜನೆ ಆ ಹೊತ್ತಿಗೆ ಅವರ ತಲೆಯಿಂದ ಪೂರ್ತಿ ಹಾರಿಹೋಗಿತ್ತು. "ಅದು ಬಿಡಿ. ಪದ್ಯಾನ ಎಲ್ಲರೂ ಒಟ್ಟಿಗೆ ಆಡಿ," ಅಂದರು.

ಆಡಿ ಎಂದರೆ ಆಡದೆ ಇರುವ ಮಕ್ಕಳು ಎಲ್ಲಿದ್ದಾರೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ತರಗತಿ ಖಾಲಿ. ಹಿಂಡು ಹಿಂಡಾಗಿ ನನ್ನ ಪಕ್ಕದಿಂದಲೇ ಮೈದಾನಕ್ಕೆ ಓಡಿದವು. ಒಳಗೆ ಉಳಿದವರು ಅತ್ತಿಗೆ, ಬೋರ್ಡಿನ ಮೇಲಿನ ಗುಬ್ಬಿ, ಮತ್ತು ಮಂಡಿ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದ ವಿಸರ್ಗ ಮೇಷ್ಟ್ರು.

"ಕೊನೆಯ ಪಾಠಕ್ಕೆ ಹೊರಗಿನ ಪರೀಕ್ಷಕರು ಬರ್ತಾರೆ," ಅಂದರು ಮೇಷ್ಟ್ರು. "ಅವತ್ತೂ ಹೀಗಾದ್ರೆ ಭಾಷಾ ಶಿಕ್ಷಕಿ ಅಂತ ಸಹಿ ಹಾಕೋಕೆ ನನ್ನ ಕೈಲಿ ಆಗಲ್ಲ. ಅಃ."

ಸಂಜೆ ಮನೆಯಲ್ಲಿ ಅಣ್ಣನೂ ಕನ್ನಡಕದ ಮಾತು ಎತ್ತಲಿಲ್ಲ. ನನ್ನ ಮಹಾ ಉಪಾಯದ ವಿಷಯ ಯಾರೂ ತೆಗೆಯದಿರಲಿ ಎಂದು ನಾನು ಮೂಲೆಯಲ್ಲಿ, ಹಳೆಯ ಅಭ್ಯಾಸದಂತೆ, ನಿಂತೇ ಇದ್ದೆ. ಅತ್ತಿಗೆ ಗೋಡೆಗೊರಗಿ ಕೂತು, "ಆ ಸ್ಟೂಲ್ ಇನ್ನೂ ಖಾಲಿ ಇದ್ಯಂತೆ," ಅಂದರು. ಆಮೇಲೆ ಕೈ ಸುಮ್ಮನಿರಲಾರದೆ ಅಮ್ಮನ ಮೂಗಿನ ಮೇಲಿನ ಕನ್ನಡಕ ತೆಗೆದುಕೊಂಡರು. ಒಗ್ಗರಣೆಯ ಎಣ್ಣೆ ಸಿಡಿದು ಅದು ಯಾವಾಗಲೂ ಮಬ್ಬು. ಗಾಜನ್ನು ಬಾಯಿಯ ಹತ್ತಿರ ಹಿಡಿದು ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆ ಉಸಿರು ಬಿಟ್ಟರು. "ಹಾ." ಒರೆಸಿದರು. ಇನ್ನೊಂದು ಗಾಜು. "ಹಾ."

"ಈಗ ಏನಂದೆ?" ಎಂದಳು ಅಮ್ಮ.

"ಏನೂ ಅನ್ಲಿಲ್ಲ ಅತ್ತೆ. ಒರೆಸ್ತಾ ಇದ್ದೆ."

"ಮತ್ತೆ ಒರೆಸು."

"ಹಾ."

"ಅದೇ ಕಣೇ," ಅಂದಳು ಅಮ್ಮ. "ಊರೆಲ್ಲ ಹುಡುಕ್ತಿದ್ದೀರಲ್ಲ, ಇಲ್ಲೇ ಇದೆ ನೋಡು."

ಅತ್ತಿಗೆ ಕನ್ನಡಕವನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಗಾಜಿನ ಮೇಲೆ ಉಸಿರಿನ ಮಬ್ಬು ಮೆಲ್ಲನೆ ಆರುತ್ತಿತ್ತು. ಅಂಗಡಿಯಲ್ಲಿ ಇಷ್ಟು ವರ್ಷ ದಿನವಿಡೀ ಅವರು ಹಕಾರವನ್ನೇ ಉಚ್ಚರಿಸಿದ್ದರು. ಅದು ಅಕ್ಷರ ಎಂದು ಗೊತ್ತಿರಲಿಲ್ಲ, ಅಷ್ಟೇ. ಗಾಜನ್ನು ಮತ್ತೆ ಬಾಯಿಯ ಹತ್ತಿರ ತಂದು, "ಆ," ಅಂದರು. ಮಬ್ಬು ಬರಲಿಲ್ಲ. "ಹಾ." ಬಂತು. "ಹಾ. ಹಾಲು," ಅಂದರು. ಅಣ್ಣ ಒಳಗೆ ಹೋಗಿ ನಿಜವಾಗಿಯೂ ಒಂದು ಲೋಟ ಹಾಲು ತಂದುಕೊಟ್ಟ.

ನಂತರದ ಕೆಲವು ದಿನ ಬೇರೆಯೇ ಪಾಡು. ಸಿಕ್ಕ ಹಕಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿಗೆ ಎಲ್ಲ ಕಡೆಯೂ ಹಚ್ಚತೊಡಗಿದರು. "ಹೆಲ್ಲರೂ ಹೂಟಕ್ಕೆ ಬನ್ನಿ." "ಹಿವತ್ತು ಹಾನೆಯ ಪಾಠ." ಒಂದು ದಿನ ಅಮ್ಮನನ್ನೇ "ಹತ್ತೆ" ಎಂದು ಕರೆದರು. "ಹತ್ತಲ್ಲ, ನನಗೆ ಮಂಡಿ ನೋವು," ಅಂದಳು ಅಮ್ಮ. ಹೀಗೆ ನಕ್ಕು ನಕ್ಕು ಅದು ಒಂದು ಹದಕ್ಕೆ ಬಂತು. ಪೂರ್ತಿ ಅಲ್ಲ. ಸಮಾಧಾನದಲ್ಲಿದ್ದರೆ ಹಕಾರ ಇರುತ್ತಿತ್ತು, ಸಂತೋಷವೋ ಸಿಟ್ಟೋ ಬಂದರೆ ಮಾಯವಾಗುತ್ತಿತ್ತು.

ಕೊನೆಯ ಪಾಠಕ್ಕೆ ಹಕಾರ ಕಡಿಮೆಯಿರುವ ಒಂದು ಗದ್ಯ ಆರಿಸಿಕೊಳ್ಳಿ ಎಂದು ವಿಸರ್ಗ ಮೇಷ್ಟ್ರು ಬುದ್ಧಿ ಹೇಳಿದ್ದರು. ಅತ್ತಿಗೆ ಆರಿಸಿಕೊಂಡದ್ದು ಅ ಮತ್ತು ಹ, ಆ ಎರಡು ಅಕ್ಷರಗಳ ಪಾಠವನ್ನೇ. "ತಪ್ಪಿಸಿಕೊಂಡು ಓಡಾಡೋಕೆ ನನ್ನ ಕೈಲಿ ಆಗಲ್ಲ," ಅಂದರು. ಹೋಗಿ ಅಂಗಡಿಯ ಯಜಮಾನರಿಂದ ಒಂದು ಡಬ್ಬದ ತುಂಬ ಹಳೆಯ ಅಂಗೈ ಕನ್ನಡಿಗಳನ್ನು ಕೇಳಿ ತಂದರು.

ಆ ದಿನ ನಾನು ಆಫೀಸಿಗೆ ಫೋನ್ ಮಾಡಿ, ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ, ಬರುವುದು ತಡವಾಗುತ್ತದೆ ಎಂದೆ. "ಗಾಬರಿಯಾಗಬೇಡ, ನಮ್ಮವರು ದಾರಿಯಲ್ಲಿದ್ದಾರೆ," ಅಂದರು ಮ್ಯಾನೇಜರು.

ಮತ್ತೆ ಅದೇ ತರಗತಿ, ಅದೇ ಕಿಟಕಿ. ಕೊನೆಯ ಬೆಂಚಿನಲ್ಲಿ ಮೇಷ್ಟ್ರ ಪಕ್ಕ ದಪ್ಪ ಗಾಜಿನ ಕನ್ನಡಕದ ಪರೀಕ್ಷಕರು. ಅತ್ತಿಗೆ ಪ್ರತಿಯೊಂದು ಮಗುವಿಗೂ ಒಂದು ಕನ್ನಡಿ ಹಂಚಿದರು. ಬೋರ್ಡಿನ ಮೇಲೆ ಒಂದು ಕಡೆ ಅಕ್ಕಿ ಮೂಟೆ, ಇನ್ನೊಂದು ಕಡೆ ಹಕ್ಕಿ. "ಬಾಯಿ ಹತ್ತಿರ ಕನ್ನಡಿ ಹಿಡ್ಕೊಳ್ಳಿ. ಮಬ್ಬು ಬಂದ್ರೆ ಹಕ್ಕಿ, ಹಾರಿಹೋಗುತ್ತೆ. ಮಬ್ಬು ಬರ್ಲಿಲ್ಲಾಂದ್ರೆ ಅಕ್ಕಿ, ಡಬ್ಬಕ್ಕೆ ಹಾಕಿ." ಮಕ್ಕಳು ಹ ಹ ಹ ಎಂದು ಕನ್ನಡಿಗೆ ಉಸಿರು ಬಿಟ್ಟ ಸದ್ದು ಇಡೀ ತರಗತಿ ಓಡಿಬಂದು ದಣಿದ ಹಾಗಿತ್ತು. ಮಬ್ಬಿನ ಮೇಲೆ ಬೆರಳಿನಲ್ಲೇ ಅಕ್ಷರ ಬರೆದವು, ಒರೆಸಿದವು, ಮತ್ತೆ ಬರೆದವು. ಆಮೇಲೆ ಅತ್ತಿಗೆ ಅಂದರು: "ಇನ್ನೊಂದು ವಿಷಯ. ಈ ಅಕ್ಷರ ನನಗೂ ಕಷ್ಟ. ನಾನು ತಪ್ಪಿದ್ರೆ ಬಾಯಲ್ಲಿ ಏನೂ ಅನ್ಬೇಡಿ, ನನ್ನ ಕಡೆ ಕನ್ನಡಿ ಎತ್ತಿ ತೋರಿಸಿ."

ವಿಸರ್ಗ ಮೇಷ್ಟ್ರು ಹಣೆ ಒತ್ತಿಕೊಂಡರು. ಪಾಠ ಸರಾಗವಾಗಿ ನಡೆಯಿತು. ಮುಗಿಯುವ ಹೊತ್ತಿಗೆ, ಹಿಂದಿನ ಸಾಲಿನಲ್ಲಿ ಅಲ್ಲಿಯತನಕ ತುಟಿ ಬಿಚ್ಚದಿದ್ದ ಮಗುವೊಂದು ತಾನಾಗಿಯೇ ಎದ್ದು "ಹಲ್ಲಿ" ಎಂದಿತು. ಅತ್ತಿಗೆಯ ಮುಖ ಅರಳಿತು. ಸಂತೋಷದಲ್ಲಿ ಬಾಯಿ ಜಾರಿತು. "ಭೇಷ್. ಇನ್ನೊಂದು ಏಳಿ."

ಒಂದು ಮಗುವೂ ಏಳಲಿಲ್ಲ. ಎಲ್ಲವೂ ಒಟ್ಟಿಗೆ ಕನ್ನಡಿ ಎತ್ತಿದವು. ಕಿಟಕಿಯ ಬಿಸಿಲು ಅಷ್ಟೂ ಕನ್ನಡಿಗೆ ಬಿದ್ದು, ಅಲ್ಲಿಂದ ಗೋಡೆ, ಸೂರು, ಪರೀಕ್ಷಕರ ದಪ್ಪ ಗಾಜು, ಎಲ್ಲ ಕಡೆ ಕುಣಿಯಿತು. ಪರೀಕ್ಷಕರು ಕಣ್ಣಿಗೆ ಕೈ ಅಡ್ಡ ಹಿಡಿದರು. "ಹೇಳಿ," ಎಂದು ತಿದ್ದಿಕೊಂಡರು ಅತ್ತಿಗೆ. ಕನ್ನಡಿಗಳು ಇಳಿದವು. ಪರೀಕ್ಷಕರು ಕನ್ನಡಕ ತೆಗೆದು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಅದರ ಮೇಲೆ ಮೆಲ್ಲಗೆ "ಹಾ" ಎಂದು ಉಸಿರು ಬಿಟ್ಟು ಮಬ್ಬು ನೋಡಿದರು. ನಾನು ಕಿಟಕಿಯಿಂದ ನೋಡಿದೆ.

ಮೇಷ್ಟ್ರು ಸಹಿ ಹಾಕಿದರು. ನಿಟ್ಟುಸಿರನ್ನೂ ಬಿಟ್ಟರು. ಆದರೆ ಈ ಸಲದ್ದು ಬೇರೆ ಥರ ಇತ್ತು ಎಂದು ಅತ್ತಿಗೆಯ ವಾದ.

ಅದೇ ಶಾಲೆಯ ಮುಖ್ಯ ಶಿಕ್ಷಕಿ ಆ ಪಾಠದ ಸುದ್ದಿ ಕೇಳಿ ಅತ್ತಿಗೆಯನ್ನು ಕರೆಸಿದರು. ಎರಡನೇ ತರಗತಿಯ ಭಾಷೆಗೆ ತಗೊಳ್ಳುತ್ತೇನೆ, ಆದರೆ ಮೊದಲ ಪೋಷಕರ ಸಭೆಯವರೆಗೆ ಮಾತ್ರ ಎಂದರು. "ನನಗೆ ನೀವು ಇಷ್ಟ. ಆದ್ರೆ ತಂದೆ ತಾಯಂದಿರು ತಕರಾರು ಎತ್ತಿದ್ರೆ ನಾನು ಏನೂ ಮಾಡೋಕಾಗಲ್ಲ. ಅವರಿಗೆ ನೀವೇ ಉತ್ತರ ಕೊಡ್ಬೇಕು."

ಸಭೆಯ ದಿನ ಅತ್ತಿಗೆ ಬೆಳಗ್ಗಿನಿಂದ ಮಾತೇ ಆಡಲಿಲ್ಲ. ಇದ್ದಬದ್ದ ಹಕಾರವನ್ನೆಲ್ಲ ಉಳಿಸಿಕೊಳ್ಳುತ್ತಿದ್ದಾರೆ ಎಂದ ಅಣ್ಣ. ಅವನಿಗೆ ಡಿಪೋದಲ್ಲಿ ಪಾಳಿ ಇದ್ದದ್ದರಿಂದ ಚಾರ್ಟುಗಳ ಸುರುಳಿ ಹೊತ್ತು ನಾನು ಜೊತೆಗೆ ಹೋದೆ. ಹಿಂದಿನ ಪುಟ್ಟ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ಆನಿಸಿಕೊಂಡು ಕೂತೆ. ಪೋಷಕರು ಮಕ್ಕಳ ಜಾಗದಲ್ಲಿ, ಮುಖ್ಯ ಶಿಕ್ಷಕಿ ಬಾಗಿಲ ಪಕ್ಕದಲ್ಲಿ. ಅತ್ತಿಗೆ ಮಕ್ಕಳ ಬರವಣಿಗೆ ತೋರಿಸಿದರು, ಯಾರು ಎಲ್ಲಿ ಮುಗ್ಗರಿಸುತ್ತಾರೆ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸುತ್ತಿದ್ದರು. ಇನ್ನೇನು ಮುಗಿಯಿತು ಎನ್ನುವಾಗ, ಇಸ್ತ್ರಿ ಅಂಗಿಯ ತಂದೆಯೊಬ್ಬರು ಕೈ ಎತ್ತಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಮಗ ಮನೇಲೂ ಕನ್ನಡಿ ಹಿಡ್ಕೊಂಡೇ ಓಡಾಡ್ತಾನೆ. ನಾನು ಮಾತಾಡಿದ್ರೆ ನನಗೂ ಎತ್ತಿ ತೋರಿಸ್ತಾನೆ. ವಿಚಾರಿಸಿದ್ರೆ, ನಿಮಗೇ ಹಕಾರ ಬರಲ್ಲವಂತೆ. ಹೌದಾ?"

ಮುಖ್ಯ ಶಿಕ್ಷಕಿ ಅತ್ತಿಗೆಯ ಕಡೆ ತಿರುಗಿದರು. ಕೂತಿದ್ದವರೆಲ್ಲ ತಿರುಗಿದರು. ನನ್ನ ಬಾಯಿಗೆ ಬಂದದ್ದು ಗಾಬರಿಯಾಗಬೇಡಿ ಎಂಬ ಒಂದೇ ಮಾತು, ಅದನ್ನು ನುಂಗಿಕೊಂಡೆ. ಅತ್ತಿಗೆ ಕೈಲಿದ್ದ ಸೀಮೆಸುಣ್ಣವನ್ನು ಮೇ‌ಜಿನ ಮೇಲಿಟ್ಟರು.

"ಬರುತ್ತೆ ಸರ್," ಅಂದರು. "ಒಂದೊಂದ್ಸಲ ಬೆಲ್ ಒಡೆದ ಮೇಲೆ ಬರುತ್ತೆ. ನಿಮ್ಮ ಮಗ ದಿನಾ ಬರೋದೇ ಆಗ. ನಾನು ಇಬ್ಬರನ್ನೂ ಒಳಗೆ ಸೇರಿಸ್ಕೊಳ್ತೀನಿ."